ಬೇಟೆಗಾರನ ಜಾಡು, ಉಪಗ್ರಹದ ಜಾಡು

ಬೇಟೆಗೆ ಹೋದವನಿಗೆ ಪ್ರಾಣಿ ಸಿಗುವುದು ಒಂದು ಚಿಂತೆಯಾದರೆ, ಕತ್ತಲಾಗುವ ಮೊದಲು ಕಾಡಿನಿಂದ ಹೊರಬೀಳುವುದು ಇನ್ನೊಂದು ಚಿಂತೆ. ಮೊದಲನೆಯ ಚಿಂತೆಯನ್ನು ಕುರಿತು ನಮ್ಮ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಬೇಕಾದಷ್ಟು ವಿವರ ಸಿಗುತ್ತದೆ. ಎರಡನೆಯದರ ಮಾತು ಬರುವುದು ಅಪರೂಪ. ತಾನು ಎಲ್ಲಿದ್ದೇನೆ, ಬಂದ ದಾರಿ ಯಾವುದು, ಮರಳುವ ದಿಕ್ಕು ಯಾವುದು ಎಂಬ ಈ ಮೂರು ಪ್ರಶ್ನೆಗಳಿಗೆ ಮನುಷ್ಯ ಕಾಲಕಾಲಕ್ಕೆ ಯಾರನ್ನು ನಂಬಿದ, ಯಾವುದನ್ನು ನಂಬಿದ ಎಂಬುದು ಒಂದು ಸ್ವಾರಸ್ಯವಾದ ಇತಿಹಾಸ.

ಈ ಇತಿಹಾಸವನ್ನು ಈಗ ಕೆದಕಲು ಕಾರಣವಿದೆ. ಮಳೆಗಾಲ ಹತ್ತಿತೆಂದರೆ ನಮ್ಮ ಕೋಥರೂಡಿನ ಕನ್ನಡ ಮನೆಗಳಲ್ಲಿ ಹುಡುಗ ಹುಡುಗಿಯರು ಶನಿವಾರ ರಾತ್ರಿಯೇ ಚೀಲ ಕಟ್ಟಿ ಇಡುತ್ತಾರೆ. ತೋರಣಾ, ರಾಜಗಡ, ತಾಮ್ಹಿಣಿ ಘಾಟು, ಅಂಧಾರಬನ ಎಂದು ಹೊರಡುತ್ತಾರೆ. ದಸರೆಯ ರಜೆಗೆ ಊರಿಗೆ ಹೋದರೆ ದಾಂಡೇಲಿಯೋ ಕುಮಾರಪರ್ವತವೋ ಇದ್ದೇ ಇದೆ. ಹೊರಡುವ ಮುನ್ನ ಮನೆಮನೆಯಲ್ಲಿ ಒಂದೇ ಚರ್ಚೆ: ಉಪಗ್ರಹದ ಸಹಾಯದಿಂದ ಸ್ಥಳ ತೋರಿಸುವ, ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರವೊಂದನ್ನು ಬೇರೆಯಾಗಿ ಕೊಳ್ಳಬೇಕೋ, ಅಥವಾ ಕಿಸೆಯಲ್ಲಿರುವ ಫೋನಿನ ಆ್ಯಪ್ ಸಾಕೋ? ಒಂದು ಒಳ್ಳೆಯ ಫೋನಿನ ಬೆಲೆ ಆ ಯಂತ್ರಕ್ಕೂ ಬೀಳುವುದರಿಂದ ತಿಂಗಳ ಸಂಬಳದ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ದಾರಿ ತಪ್ಪಿದಾಗ ಅಪಾಯಕ್ಕೆ ಸಿಗುವುದು ಮಕ್ಕಳ ಜೀವವಾದ್ದರಿಂದ ಹಣ ಒಂದನ್ನೇ ನೋಡಿ ತೀರ್ಮಾನಿಸುವ ಪ್ರಶ್ನೆಯೂ ಅಲ್ಲ. ಅಮೆರಿಕದ ಬೇಟೆಗಾರರು ಇದೇ ಪ್ರಶ್ನೆಯನ್ನು ಹತ್ತಾರು ವರ್ಷಗಳಿಂದ ಚರ್ಚಿಸುತ್ತಿದ್ದಾರೆ. ನಮ್ಮಲ್ಲಿ ಬೇಟೆ ನಿಂತಿದೆ. ಬೇಟೆಗಾರನ ಪ್ರಶ್ನೆ ಮಾತ್ರ ಉಳಿದುಕೊಂಡಿದೆ. ಆದುದರಿಂದ ಅಂಗಡಿಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ನೋಡೋಣ.

ಕಾಳಿ ಎಂಬ ನಾಯಿ

ಕನ್ನಡ ನಾಡಿನ ಬೇಟೆಯ ಇತಿಹಾಸದಲ್ಲಿ ಎಲ್ಲಕ್ಕಿಂತ ಹೃದ್ಯವಾದ ದಾಖಲೆ ಎಂದರೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ದೊರೆ ಬೂತುಗನು ತನ್ನ ಸೇವಕ ಮಣಲೆರನ ಪರಾಕ್ರಮವನ್ನು ಮೆಚ್ಚಿ, ಬೇಕಾದುದನ್ನು ಕೇಳು ಎಂದನಂತೆ. ಮಣಲೆರನು ಊರನ್ನಾಗಲಿ ಹೊನ್ನನ್ನಾಗಲಿ ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಇರಿಸಲಾಯಿತು.

ಇದರಲ್ಲಿ ನಾವು ಗಮನಿಸಬೇಕಾದ್ದು, ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕಡೆದು ಉಳಿಸಿದರು ಎಂಬುದನ್ನು. ಕಾಡಿನಲ್ಲಿ ಪ್ರಾಣಿಯ ಜಾಡು ಹಿಡಿಯಲು ಬೇಟೆಗಾರನಿಗೆ ನಾಯಿಯ ಮೂಗಿಗಿಂತ ನಂಬುಗೆಯ ಉಪಕರಣ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಯಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆಯೂ ರಾಜರ ವಿನೋದಗಳಲ್ಲಿ ಒಂದಾಗಿ ವಿಸ್ತಾರವಾಗಿ ಬಂದಿದೆ. ಅರಸನ ವಿನೋದಕ್ಕೆ ಗ್ರಂಥ ಸಿಕ್ಕಿತು, ನಾಯಿಯ ನಿಷ್ಠೆಗೆ ಕಲ್ಲು ಸಿಕ್ಕಿತು. ಮುಂದೆ ನಡೆದು ದಾರಿ ತೋರಿಸಿದ ಮನುಷ್ಯನಿಗೆ ಏನು ಸಿಕ್ಕಿತು?

ಹೆಜ್ಜೆ ಬಲ್ಲವರು

ಸಹ್ಯಾದ್ರಿಯಲ್ಲಿ ದಾರಿ ಬಲ್ಲವರ ಬೆಲೆ ಏನೆಂಬುದು ಪುಣೆಯಲ್ಲಿರುವ ನಮಗೆ ಹೇಳಿಕೊಡಬೇಕಾಗಿಲ್ಲ. 1661ರಲ್ಲಿ ಶಾಯಿಸ್ತಾಖಾನ ಪುಣೆಯಲ್ಲಿ ಬೀಡುಬಿಟ್ಟಿದ್ದಾಗ ಕಾರ್ತಲಬಖಾನನನ್ನು ದೊಡ್ಡ ದಂಡಿನೊಡನೆ ಕೊಂಕಣಕ್ಕೆ ಅಟ್ಟಿದ. ಘಟ್ಟ ಇಳಿಯುವಾಗ ಉಂಬರಖಿಂಡಿಯ ಇಕ್ಕಟ್ಟಾದ ಕಾಡುದಾರಿಯಲ್ಲಿ ಆ ದಂಡು ಸಿಕ್ಕಿಬಿದ್ದಿತು. ಮುಂದೆಯೂ ಶಿವಾಜಿ ಮಹಾರಾಜರ ಜನ, ಹಿಂದೆಯೂ ಅವರದೇ ಜನ. ಕೊನೆಗೆ ತಂದ ಸಾಮಾನನ್ನೆಲ್ಲ ಅಲ್ಲಿಯೇ ಬಿಟ್ಟುಕೊಟ್ಟು ಖಾನ ಜೀವ ಉಳಿಸಿಕೊಂಡ. ಮೊಗಲರಲ್ಲಿ ಸೈನ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಆ ಕಾಡನ್ನು ಬಲ್ಲ ಕಾಲುಗಳಿಗೆ. ಘಟ್ಟದ ಹಳ್ಳಿಗಳಲ್ಲಿ ಇಂದಿಗೂ 'ವಾಟಾಡ್ಯಾ' ಎಂದು ಕರೆಯುವುದು ಇಂಥ ದಾರಿಗಾರರನ್ನೇ.

ಮೈಸೂರು ಸೀಮೆಯಲ್ಲಿ ಇದೇ ಕೆಲಸವನ್ನು ಕುರುಬರು, ಸೋಲಿಗರು ಮಾಡುತ್ತಿದ್ದರು. ಮೈಸೂರು ಸರ್ಕಾರದ ನೀರಾವರಿ ಇಲಾಖೆಯಲ್ಲಿದ್ದ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಕಟ್ಟಿ ಆನೆ ಹಿಡಿದ. 1878ರಲ್ಲಿ ತನ್ನ ಹದಿಮೂರು ವರ್ಷಗಳ ಅನುಭವವನ್ನು ಪುಸ್ತಕ ಮಾಡಿದ. ಆನೆಯ ಹಿಂಡು ಯಾವ ಹಳ್ಳ ದಾಟಿತು, ಎಷ್ಟು ಹೊತ್ತಿನ ಹಿಂದೆ ದಾಟಿತು ಎಂಬುದನ್ನು ತುಳಿದ ಹುಲ್ಲು ನೋಡಿ, ಲದ್ದಿಯ ಬಿಸಿ ನೋಡಿ ಹೇಳುತ್ತಿದ್ದವರು ಕಾಡಿನ ಜನ. ಖೆಡ್ಡಾ ಪದ್ಧತಿ ಕಾಕನಕೋಟೆಯಲ್ಲಿ ಮಹಾರಾಜರ ಕಾಲದ ದೊಡ್ಡ ನೋಟವಾಗಿ ಬೆಳೆದು, 1971ರಲ್ಲಿ ಕೊನೆಯ ಬಾರಿ ನಡೆಯಿತು. ಆ ಕಾಡಿನ ಒಂದಷ್ಟು ಭಾಗ ಅನಂತರ ಕಬಿನಿ ಜಲಾಶಯದಲ್ಲಿ ಮುಳುಗಿತು.

ಹುಬ್ಬಳ್ಳಿ, ಗದಗ, ವಿಜಾಪುರದ ಕಡೆಯವರಿಗೆ ಹರಣಶಿಕಾರಿಗಳ ಹೆಸರು ಗೊತ್ತಿದ್ದೀತು. ಜಿಂಕೆಯ ಬೇಟೆಯಿಂದಲೇ ಅವರಿಗೆ ಆ ಹೆಸರು. ಮಹಾರಾಷ್ಟ್ರದಲ್ಲಿ ಅವರ ಬಂಧುಗಳಂತಿರುವವರು ಪಾರಧಿಗಳು. ಬಲೆ, ಉರುಲು, ಹೆಜ್ಜೆ, ಹಕ್ಕಿಯ ಕೂಗು ಇವೇ ಅವರ ವಿದ್ಯೆ. ಆದರೆ 1871ರಲ್ಲಿ ಬ್ರಿಟಿಷರು ತಂದ 'ಕ್ರಿಮಿನಲ್ ಟ್ರೈಬ್ಸ್' ಕಾಯಿದೆಯ ಜಾಲ ಬರಬರುತ್ತಾ ಹಬ್ಬಿ, ಅಲೆದಾಡಿ ಬದುಕುತ್ತಿದ್ದ ಇಂಥ ಜನಾಂಗಗಳೇ ಹುಟ್ಟಿನಿಂದ ಅಪರಾಧಿಗಳು ಎಂಬ ಪಟ್ಟಿಗೆ ಸೇರಿದವು. ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಬೇಲಿ ಹಾಕಿದ ಸೆಟ್ಲ್‌ಮೆಂಟುಗಳಾದವು. 1952ರ ಆಗಸ್ಟ್ 31ರಂದು ಆ ಪಟ್ಟಿ ರದ್ದಾಯಿತು, ಮನಸ್ಸಿನೊಳಗಿನ ಪಟ್ಟಿ ಅಷ್ಟು ಬೇಗ ರದ್ದಾಗಲಿಲ್ಲ. ಸಾಹೇಬ ಶಿಕಾರಿಗೆ ಹೊರಟರೆ ಜಾಡು ತೋರಿಸಲು ಕಾಡಿನವರೇ ಬೇಕು. ಸಾಹೇಬನ ಸರ್ಕಾರದ ಕಾಗದದಲ್ಲಿ ಅಂಥವರ ಅಲೆದಾಟವೇ ಅಪರಾಧ. ಈ ವಿಪರೀತವನ್ನು ನಾವು ಮರೆಯಬಾರದು.

ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ಇದಕ್ಕೆ ಒಂದು ಅಪವಾದ. ನರಭಕ್ಷಕ ಹುಲಿ ಚಿರತೆಗಳನ್ನು ಬೆನ್ನಟ್ಟಿದ ಅವನ ಕಥೆಗಳಲ್ಲಿ ಪೂಜಾರಿ ಜನಾಂಗದ ಬೈರ ಮೊದಲಾದವರು ಹೆಸರು ಸಹಿತ, ಮಾತು ಸಹಿತ ಬರುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರು ಆ ಕಥೆಗಳನ್ನು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದುದರಿಂದ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಬೈರನನ್ನು ಬಲ್ಲರು. ಉಳಿದ ಸಾವಿರಾರು ಬೈರರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ನಕ್ಷತ್ರ, ಸರಪಳಿ, ನಕಾಶೆ

ದಾರಿಗಾರನ ಜಾಗಕ್ಕೆ ಮೊದಲು ಬಂದದ್ದು ಅಳತೆ. ಅದರ ಕಥೆಯೂ ನಮ್ಮ ನಾಡಿನಿಂದಲೇ ಆರಂಭವಾಗುತ್ತದೆ. 1799ರ ಏಪ್ರಿಲಿನಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದ ಬಳಿ ಇತ್ತು. ಜನರಲ್ ಬೇರ್ಡ್ ಒಂದು ತುಕಡಿಯನ್ನು ರಾತ್ರಿ ನಡೆಸಿಕೊಂಡು ಹೋಗುತ್ತಿದ್ದ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಆಕಾಶ ನೋಡಿ, ನಾವು ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಟಿಪ್ಪುವಿನ ಪಾಳೆಯದತ್ತ ನಡೆಯುತ್ತಿದ್ದೇವೆ ಎಂದ. ಜನರಲ್ ಮೊದಲು ಒಪ್ಪಲಿಲ್ಲ. ಆಮೇಲೆ ಬೆಳಕು ಮಾಡಿ ದಿಕ್ಸೂಚಿ ನೋಡಿದಾಗ ನಕ್ಷತ್ರಗಳ ಮಾತೇ ನಿಜವಾಗಿತ್ತು.

ಅದೇ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಅಳೆದ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾ ತ್ರಿಕೋನಮಿತೀಯ ಸರ್ವೆ ವಿಧ್ಯುಕ್ತವಾಗಿ ಶುರುವಾಯಿತು. ಅವನ ದೊಡ್ಡ ಥಿಯೊಡೊಲೈಟ್ ಯಂತ್ರ ಸುಮಾರು ಅರ್ಧ ಟನ್ ಭಾರ. ಅದನ್ನು ಹೊತ್ತು ಬೆಟ್ಟ ಹತ್ತಿಸಿದವರೂ, ಅಡ್ಡ ಬಂದ ಮರ ಕಡಿದವರೂ ಕೂಲಿಯ ಜನ. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಜಾರಿ ಬಡಿದು ಜಖಂಗೊಂಡಿತು. ಲ್ಯಾಂಬ್ಟನ್ ಕುಳಿತು ತಿಂಗಳೊಪ್ಪತ್ತು ಅದನ್ನು ರಿಪೇರಿ ಮಾಡಿದ. 1823ರಲ್ಲಿ ಅವನು ತೀರಿಕೊಂಡದ್ದು ನಮ್ಮ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ.

ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಆ ಅಳತೆಗಳಿಂದ ಭೂಮಿಯ ಆಕಾರವನ್ನು ಲೆಕ್ಕ ಹಾಕಿದ. 1830ರ ಆ ಲೆಕ್ಕವೇ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಭಾರತದ ಸರ್ವೆ ನಕಾಶೆಗಳಿಗೆ ಆಧಾರವಾಗಿತ್ತು. ಕೈ ಜಿಪಿಎಸ್ ಯಂತ್ರದ ಸೆಟ್ಟಿಂಗು ತೆರೆದು ನೋಡಿದರೆ 'ಇಂಡಿಯನ್' ಎಂದೂ 'ಎವರೆಸ್ಟ್' ಎಂದೂ ಆಯ್ಕೆಗಳು ಕಾಣುತ್ತವೆ. ಅವು ಅದೇ ಲೆಕ್ಕದ ವಂಶ. ಉಪಗ್ರಹಗಳು ಬಳಸುವ ಭೂಮಿಯ ಲೆಕ್ಕ ಬೇರೆ, ಅದರ ಹೆಸರು ಡಬ್ಲ್ಯು.ಜಿ.ಎಸ್. 84. ಹಳೆಯ ಟೋಪೋಶೀಟಿನ ಮೇಲೆ ಉಪಗ್ರಹದ ಅಂಕಿಗಳನ್ನು ಹಾಗೆಯೇ ಗುರುತು ಮಾಡಿದರೆ ಪುಣೆಯ ಸುತ್ತ ನೂರು ಮೀಟರಿನ ಆಸುಪಾಸು ವ್ಯತ್ಯಾಸ ಬರುತ್ತದೆ. ಬಯಲಿನಲ್ಲಿ ನೂರು ಮೀಟರು ಏನೂ ಅಲ್ಲ. ಹರಿಶ್ಚಂದ್ರಗಡದ ಕೊಂಕಣಕಡೆಯ ಅಂಚಿನಲ್ಲಿ ನೂರು ಮೀಟರೆಂದರೆ ಜೀವ. 2005ರ ನಕಾಶೆ ನೀತಿಯ ನಂತರ ಸಾರ್ವಜನಿಕರಿಗಾಗಿ ಹೊರಬಂದ ಹೊಸ ಸರ್ವೆ ನಕಾಶೆಗಳು ಉಪಗ್ರಹದ ಲೆಕ್ಕವನ್ನೇ ಬಳಸುತ್ತವೆ. 2021ರ ಫೆಬ್ರವರಿಯಲ್ಲಿ ನಕಾಶೆ ತಯಾರಿಸುವ ನಿಯಮಗಳನ್ನೂ ಕೇಂದ್ರ ಸರ್ಕಾರ ಸಡಿಲಿಸಿತು.

ಬೇಟೆ ನಿಂತಿತು

1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆದರೂ ಕೆಲವು ಪ್ರಾಣಿಗಳನ್ನು ಲೈಸನ್ಸ್ ಪಡೆದು ಬೇಟೆಯಾಡಲು ಆ ಕಾಯಿದೆಯಲ್ಲಿ ಅವಕಾಶವಿತ್ತು ಎಂಬುದು ಅನೇಕರಿಗೆ ತಿಳಿಯದು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಈಗ ಉಳಿದಿರುವುದು ವಿಶೇಷ ಸಂದರ್ಭಗಳು ಮಾತ್ರ: ಮನುಷ್ಯನ ಪ್ರಾಣಕ್ಕೆ ಎರವಾದ ಪ್ರಾಣಿಯನ್ನು ಅಧಿಕಾರಿಯ ಆಜ್ಞೆಯ ಮೇಲೆ ಕೊಲ್ಲುವುದು, ಬೆಳೆ ತಿನ್ನುವ ಹಂದಿಯ ವಿಷಯದಲ್ಲಿ ಕೆಲವು ರಾಜ್ಯಗಳ ಆದೇಶಗಳು, ಇತ್ಯಾದಿ. ಕಾಸರಗೋಡಿನ ನಮ್ಮ ಬಂಧುಗಳಿಗೆ ಗೊತ್ತಿರುವಂತೆ, ಕೇರಳ ಸರ್ಕಾರ 2022ರಲ್ಲಿ ಕಾಡುಹಂದಿ ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಮುಂತಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು.

ಬೇಟೆ ನಿಂತರೂ ಹೆಜ್ಜೆ ನೋಡುವ ವಿದ್ಯೆ ನಿಲ್ಲಲಿಲ್ಲ. ಅದು ಕೊಲ್ಲುವವರಿಂದ ಕಾಯುವವರ ಕೈಗೆ ಬಂತು. 1966ರಿಂದ ಹುಲಿಯ ಪಂಜದ ಗುರುತನ್ನು ಗಾಜಿನ ಮೇಲೆ ಬರೆದುಕೊಂಡು ಎಣಿಸುವ ಪದ್ಧತಿ ಬಳಕೆಗೆ ಬಂತು. ಅದರ ಲೆಕ್ಕ ಎಷ್ಟು ಸಡಿಲ ಎಂಬುದು 2005ರ ಹೊತ್ತಿಗೆ ರಾಜಸ್ಥಾನದ ಸಾರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು ಗೊತ್ತಾದಾಗ ಬಯಲಾಯಿತು. ಕಾಗದದಲ್ಲಿ ಹುಲಿಗಳಿದ್ದವು, ಕಾಡಿನಲ್ಲಿ ಇರಲಿಲ್ಲ. ಕಚೇರಿಯಲ್ಲಿ ಕಡತ ನೋಡುವ ನಮಗೆ ಈ ಮಾತಿನ ಅರ್ಥ ಚೆನ್ನಾಗಿ ಆಗುತ್ತದೆ. 2006ರಿಂದ ಎಣಿಕೆಯ ಕ್ರಮ ಬದಲಾಯಿತು. 2010ರಲ್ಲಿ 'ಎಂ-ಸ್ಟ್ರೈಪ್ಸ್' ಎಂಬ ಗಸ್ತಿನ ವ್ಯವಸ್ಥೆ ಬಂತು. ಗಸ್ತಿನವರು ಕೈ ಜಿಪಿಎಸ್ ಹಿಡಿದು ನಡೆಯುವುದು, ಕಂಡದ್ದನ್ನು ಕಾಗದದಲ್ಲಿ ಬರೆಯುವುದು, ಆಮೇಲೆ ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸುವುದು ಮೊದಲಿನ ರೀತಿ. 2018ರ ದೇಶವ್ಯಾಪಿ ಹುಲಿ ಗಣತಿಯಲ್ಲಿ ಇದನ್ನೆಲ್ಲ ಫೋನಿನ ಆ್ಯಪ್ ಒಂದೇ ಮಾಡಿತು. ನಡೆದ ದಾರಿ, ತೆಗೆದ ಚಿತ್ರ, ಸ್ಥಳದ ಅಂಕಿ ಎಲ್ಲ ಒಟ್ಟಿಗೆ ದಾಖಲಾದವು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು 563.

ಆದುದರಿಂದ ಯಂತ್ರವೋ ಫೋನೋ ಎಂಬ ಪ್ರಶ್ನೆಗೆ ಅರಣ್ಯ ಇಲಾಖೆಗಳು ನಮಗಿಂತ ಮೊದಲೇ ಒಂದು ಉತ್ತರ ಕಂಡುಕೊಂಡಿವೆ: ದಾಖಲೆ ಮುಖ್ಯವಾದಲ್ಲಿ ಫೋನು ಗೆದ್ದಿತು. ಆ ಫೋನು ಹಿಡಿದು ಬಂಡೀಪುರ, ನಾಗರಹೊಳೆಗಳ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ನಡೆಯುವವರಲ್ಲಿ ಜೇನುಕುರುಬರು ಹಲವರಿದ್ದಾರೆ. ಅಜ್ಜ ಖೆಡ್ಡಾಕ್ಕೆ ಜಾಡು ತೋರಿಸಿದ ಕಾಡಿನಲ್ಲಿ ಮೊಮ್ಮಗ ಗಸ್ತು ತಿರುಗುತ್ತಿರಬಹುದು. ಕೈಯಲ್ಲಿರುವುದು ಬದಲಾಗಿದೆ, ಕಾಲು ಅದೇ.

ಆಕಾಶದಿಂದ ಬಂದ ದಿಕ್ಕು

ಜಿಪಿಎಸ್ ಹುಟ್ಟಿದ್ದು ಯುದ್ಧಕ್ಕಾಗಿ. ಅಮೆರಿಕದ ಸೇನೆ 1973ರಲ್ಲಿ ಯೋಜನೆ ಹಾಕಿ, 1978ರ ಫೆಬ್ರವರಿಯಲ್ಲಿ ಮೊದಲ ಉಪಗ್ರಹ ಹಾರಿಸಿತು. 1983ರ ಸೆಪ್ಟೆಂಬರಿನಲ್ಲಿ ದಾರಿ ತಪ್ಪಿ ಸೋವಿಯತ್ ಸೀಮೆ ಹೊಕ್ಕ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದು ಉರುಳಿಸಿದ ದುರಂತದ ನಂತರ, ಈ ಸೌಲಭ್ಯವನ್ನು ಜನಸಾಮಾನ್ಯರಿಗೂ ಕೊಡುವುದಾಗಿ ಅಧ್ಯಕ್ಷ ರೇಗನ್ ಅವರ ಸರ್ಕಾರ ಸಾರಿತು. 1989ರಲ್ಲಿ ಮೆಜೆಲನ್ ಎಂಬ ಕಂಪನಿ ಕೈಯಲ್ಲಿ ಹಿಡಿಯುವ ಮೊದಲ ಯಂತ್ರವನ್ನು ಮಾರಿತು. ಬೆಲೆ ಸುಮಾರು ಮೂರು ಸಾವಿರ ಡಾಲರು. ಅದೇ ವರ್ಷ ಗಾರ್ಮಿನ್ ಕಂಪನಿಯೂ ಹುಟ್ಟಿತು. ಆದರೆ ಜನರಿಗೆ ಕೊಡುವ ಸಂಕೇತವನ್ನು ಅಮೆರಿಕದ ಸೇನೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದುದರಿಂದ ನೂರು ಮೀಟರಿನಷ್ಟು ತಪ್ಪು ಇರುತ್ತಿತ್ತು. 2000ದ ಮೇ ತಿಂಗಳ ಮೊದಲಲ್ಲಿ ಅಧ್ಯಕ್ಷ ಕ್ಲಿಂಟನ್ ಇದನ್ನು ನಿಲ್ಲಿಸಿದರು. ಒಂದೇ ರಾತ್ರಿಯಲ್ಲಿ ಜಗತ್ತಿನ ಯಂತ್ರಗಳೆಲ್ಲ ಹತ್ತಿಪ್ಪತ್ತು ಮೀಟರಿನಷ್ಟು ನಿಖರವಾದವು.

ಇದರ ತತ್ವ ಸರಳ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸ್ಥಾನವನ್ನೂ ಗಡಿಯಾರದ ಹೊತ್ತನ್ನೂ ಸದಾ ಸಾರುತ್ತಿರುತ್ತವೆ. ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಗುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನಮ್ಮ ಸ್ಥಾನ ಸಿಕ್ಕಂತೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ಸ್ಥಾನ 300 ಮೀಟರು ತಪ್ಪುತ್ತದೆ. ನಮ್ಮ ದೇಶದ್ದೇ ಆದ 'ನಾವಿಕ್' ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಸಂಚರಣ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಅದೇ ವರ್ಷ ಶುರುವಾಯಿತು. ಹೊರಗಿನಿಂದ ತರಿಸಿದ ಪರಮಾಣು ಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ಕೆಟ್ಟವು. 2023ರ ಮೇ ತಿಂಗಳಲ್ಲಿ ಹಾರಿದ ಉಪಗ್ರಹದಲ್ಲಿ ದೇಶದಲ್ಲಿಯೇ ಮಾಡಿದ ಗಡಿಯಾರವಿತ್ತು. 2025ರ ಜನವರಿಯಲ್ಲಿ ಹಾರಿದ ಇನ್ನೊಂದು ಗೊತ್ತುಪಡಿಸಿದ ಕಕ್ಷೆ ಸೇರಲಿಲ್ಲ. ಸದ್ಯಕ್ಕೆ ನಮ್ಮ ಫೋನುಗಳು ಅಮೆರಿಕ, ರಷ್ಯಾ, ಯುರೋಪು, ಚೀನಾಗಳ ಉಪಗ್ರಹಗಳನ್ನೂ ಸೇರಿಸಿಕೊಂಡೇ ಲೆಕ್ಕ ಹಾಕುತ್ತವೆ.

ಅಮೆರಿಕದಲ್ಲಿ ಬೇಟೆ ಕಾನೂನುಬದ್ಧ. ಅಲ್ಲಿಯ ಬೇಟೆಗಾರರ ಅನುಭವ ಸ್ವಾರಸ್ಯಕರ. 2009ರಲ್ಲಿ ಮೊಂಟಾನಾ ರಾಜ್ಯದಲ್ಲಿ ಹುಟ್ಟಿದ 'ಆನ್‌ಎಕ್ಸ್' ಎಂಬ ನಕಾಶೆ ಮೊದಲು ಗಾರ್ಮಿನ್ ಯಂತ್ರದೊಳಗೆ ತೂರಿಸುವ ಒಂದು ಚಿಕ್ಕ ಕಾರ್ಡಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಫೋನಿನ ಆ್ಯಪ್ ಆಯಿತು. ಕಾಲಡಿಯ ನೆಲ ಸರ್ಕಾರದ್ದೋ ಖಾಸಗಿಯದೋ ಎಂದು ತೋರಿಸುವುದೇ ಅದರ ಗುಣ. 2021ರಲ್ಲಿ ವಾಯೋಮಿಂಗ್ ರಾಜ್ಯದಲ್ಲಿ ನಾಲ್ವರು ಬೇಟೆಗಾರರು ಚದುರಂಗದ ಹಾಸಿನಂತೆ ಹಂಚಿಹೋದ ಜಮೀನಿನಲ್ಲಿ, ಒಂದು ಸರ್ಕಾರಿ ಚೌಕದಿಂದ ಇನ್ನೊಂದು ಸರ್ಕಾರಿ ಚೌಕಕ್ಕೆ ಮೂಲೆಯಲ್ಲಿ ಏಣಿ ಇಟ್ಟು ದಾಟಿದರು. ಆ ಮೂಲೆ ಹುಡುಕಲು ಇದೇ ನಕಾಶೆ ನೆರವಾಗಿತ್ತು. ಖಾಸಗಿ ಜಮೀನಿನ ಒಡೆಯ ದಾವೆ ಹೂಡಿದ. 2025ರ ಮಾರ್ಚಿನಲ್ಲಿ ಅಪೀಲು ನ್ಯಾಯಾಲಯ ಬೇಟೆಗಾರರ ಪರವಾಗಿ ತೀರ್ಪಿತ್ತಿತು. ಆದರೂ ಅಲ್ಲಿ ಕೈಯಂತ್ರ ಸಾಯಲಿಲ್ಲ. ನಾಯಿಯ ಕೊರಳಿಗೆ ಪಟ್ಟಿ ಕಟ್ಟಿ, ಅದು ಎಲ್ಲಿ ಓಡುತ್ತಿದೆ ಎಂದು ನೋಡಲು ಅದೇ ಬೇಕು. ಫೋನಿನ ಗೋಪುರವಿಲ್ಲದ ಕಾಡಿನಲ್ಲಿಯೂ ಆ ಪಟ್ಟಿ ರೇಡಿಯೋ ಮೂಲಕ ಮಾತಾಡುತ್ತದೆ. ಮಣಲೆರನ ಕಾಳಿಗೆ ಅಂಥದೊಂದು ಪಟ್ಟಿ ಇರಲಿಲ್ಲ, ಅಷ್ಟೆ.

ಪುಣೆಯಿಂದ ನಡೆದ ಒಂದು ಯತ್ನ

ಸ್ಥಳ ತಿಳಿಯುವ ವಿದ್ಯೆ ಇಬ್ಬಾಯ ಖಡ್ಗ. ಮಧ್ಯಪ್ರದೇಶದ ಪನ್ನಾದಲ್ಲಿ ಹುಲಿಗಳು ನಶಿಸಿಹೋದ ಮೇಲೆ ಹೊರಗಿನಿಂದ ತಂದು ಮತ್ತೆ ನೆಲೆಯಾಗಿಸಿದರು. 2013ರಲ್ಲಿ ಅಲ್ಲಿಯ ಒಂದು ಗಂಡುಹುಲಿಗೆ ಜಿಪಿಎಸ್ ಕೊರಳಪಟ್ಟಿ ಹಾಕಿದ್ದರು. ಅದರ ಸ್ಥಳದ ಮಾಹಿತಿ ವಿಜ್ಞಾನಿಯೊಬ್ಬರ ಇ-ಮೇಲಿಗೆ ಬರುತ್ತಿತ್ತು. ಆ ವರ್ಷದ ಜುಲೈಯಲ್ಲಿ ಯಾರೋ ಆ ಇ-ಮೇಲನ್ನು ತೆರೆಯಲು ಯತ್ನಿಸಿದರು. ಎಲ್ಲಿಂದ? ನಮ್ಮ ಪುಣೆಯಿಂದ. ಅಪರಿಚಿತ ಊರಿನಿಂದ ಬಂದ ಕೋರಿಕೆಯೆಂದು ಸರ್ವರ್ ತಡೆಯಿತು, ಹುಲಿಗೆ ತೊಂದರೆಯಾಗಲಿಲ್ಲ. ಕಳ್ಳಬೇಟೆಗಾರರ ಕೆಲಸವೇ ಎಂಬುದು ಸಿದ್ಧವಾಗಲಿಲ್ಲವಾದರೂ, ಈ ಸುದ್ದಿ ಹೊರದೇಶದ ಪತ್ರಿಕೆಗಳವರೆಗೆ ಹೋಯಿತು. ಹಿಂದೆ ಕಾಡಿನಲ್ಲಿ ವರ್ಷಗಟ್ಟಲೆ ಅಲೆದವನಿಗೆ ಮಾತ್ರ ಗೊತ್ತಾಗುತ್ತಿದ್ದ ಗುಟ್ಟು, ಸಾವಿರ ಕಿಲೋಮೀಟರು ದೂರದಲ್ಲಿ ಕುಳಿತವನ ಕೈಗೆ ಸಿಗುವ ಕಾಲವಿದು. ನಮ್ಮ ಮಕ್ಕಳು ಕಾಡಿನಲ್ಲಿ ತೆಗೆದ ಫೋಟೋದೊಳಗೂ ಸ್ಥಳದ ಅಂಕಿ ಅಡಗಿರುತ್ತದೆ. ಗೂಡು, ಮರಿ, ಅಪರೂಪದ ಪ್ರಾಣಿಯ ಚಿತ್ರವನ್ನು ಹತ್ತು ಜನರಿಗೆ ಕಳಿಸುವ ಮೊದಲು ಕ್ಯಾಮೆರಾದ ಲೊಕೇಶನ್ ಆರಿಸಿರಬೇಕು.

ಹಾಗಾದರೆ ಯಾವುದು?

ಈಗ ವಾಚಕರು ಕಾಯುತ್ತಿರುವ ಮಾತಿಗೆ ಬರೋಣ. ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ನಿಲ್ಲುತ್ತದೆ ಎಂದು ಹಲವರು ತಿಳಿದಿದ್ದಾರೆ. ಸಂಕೇತ ಬರುವುದು ಉಪಗ್ರಹದಿಂದ. ಅದಕ್ಕೆ ಗೋಪುರ ಬೇಡ. ನೆಟ್‌ವರ್ಕ್ ಇದ್ದರೆ ಮೊದಲ ಸಲ ಸ್ಥಾನ ಬೇಗ ಸಿಗುತ್ತದೆ, ಇಲ್ಲದಿದ್ದರೆ ಕೆಲವು ನಿಮಿಷ ತಾಳ್ಮೆ ಬೇಕು. ನಿಜವಾಗಿ ಇಲ್ಲವಾಗುವುದು ನಕಾಶೆ. ಮನೆಯಲ್ಲಿಯೇ ನಕಾಶೆ ಇಳಿಸಿಕೊಳ್ಳದೆ ಹೋದವನಿಗೆ ಖಾಲಿ ಹಾಳೆಯ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ ಕಾಣುತ್ತದೆ.

ಫೋನಿನ ನಿಜವಾದ ದೌರ್ಬಲ್ಯ ಎರಡು. ಒಂದು ಬ್ಯಾಟರಿ. ಕಣಿವೆಯಲ್ಲಿ ಅದು ಗೋಪುರ ಹುಡುಕಿ ಹುಡುಕಿಯೇ ದಣಿಯುತ್ತದೆ. ವಿಮಾನದ ಗುರುತಿನ ಗುಂಡಿ ಒತ್ತಿ ಇಟ್ಟರೆ ಈ ದಣಿವು ತಪ್ಪುತ್ತದೆ. ಇಂದಿನ ಬಹುತೇಕ ಫೋನುಗಳಲ್ಲಿ ಆಗಲೂ ಜಿಪಿಎಸ್ ನಡೆಯುತ್ತದೆ. ಇನ್ನೊಂದು ಮಳೆ. ಒದ್ದೆ ಬೆರಳಿಗೆ, ಒದ್ದೆ ಗಾಜಿಗೆ ಸ್ಪರ್ಶ ತಿಳಿಯುವುದಿಲ್ಲ. ಆಷಾಢದ ಮಳೆಯಲ್ಲಿ ತಾಮ್ಹಿಣಿಗೆ ಹೋದವರಿಗೆ ಇದು ಗೊತ್ತು. ಕೈಯಂತ್ರಕ್ಕೆ ಗುಂಡಿಗಳಿವೆ, ನೀರು ತಾಳುವ ಕವಚವಿದೆ, ಬಿಸಿಲಿನಲ್ಲಿಯೂ ಓದಬಹುದಾದ ತೆರೆಯಿದೆ. ಅನೇಕ ಮಾದರಿಗಳಲ್ಲಿ ಗಡಿಯಾರದ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಎರಡು ಹಾಕಿದರೆ ಇಡೀ ದಿನ ನಡೆಯುತ್ತದೆ. ಆದರೆ ತೆರೆ ಚಿಕ್ಕದು, ನಕಾಶೆ ಹಾಕುವ ಕೆಲಸ ಜಟಿಲ, ವರ್ಷಕ್ಕೆ ನಾಲ್ಕು ಸಲ ಮಾತ್ರ ಹೊರತೆಗೆಯುವ ಮನೆಯಲ್ಲಿ ಅದರ ಬಳಕೆಯೇ ಮರೆತುಹೋಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಬೆಳಗ್ಗೆ ಹೋಗಿ ಸಂಜೆ ಬರುವ ಚಾರಣಕ್ಕೆ ನಕಾಶೆ ಇಳಿಸಿಕೊಂಡ ಫೋನು, ಒಂದು ಪವರ್ ಬ್ಯಾಂಕು, ನೀರು ತಾಗದ ಚೀಲ ಸಾಕು. ತಂಡದಲ್ಲಿ ಒಬ್ಬರ ಫೋನಾದರೂ ಮುಟ್ಟದೆ ಉಳಿದಿರಬೇಕು. ಎರಡು ಮೂರು ದಿನ ಕಾಡಿನಲ್ಲಿ ಉಳಿಯುವ ತಂಡಕ್ಕೆ, ಹತ್ತು ಹುಡುಗರನ್ನು ಕರೆದೊಯ್ಯುವ ಜವಾಬ್ದಾರಿ ಹೊತ್ತವರಿಗೆ ಕೈಯಂತ್ರ ಕೊಂಡ ಹಣ ದಂಡವಲ್ಲ. ಮನೆಗೊಂದು ಕೊಳ್ಳುವ ಬದಲು ನಾಲ್ಕು ಮನೆ ಸೇರಿ ಒಂದು ಕೊಳ್ಳಬಹುದು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಾದಾ ಜಿಪಿಎಸ್‌ಗೆ ಅಡ್ಡಿಯಿಲ್ಲ. ಅಂಥ ಸಂದೇಶಯಂತ್ರವನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಪರದೇಶದ ಪ್ರವಾಸಿಗರು ವಿಮಾನನಿಲ್ದಾಣದಲ್ಲಿ ಇದಕ್ಕಾಗಿ ಸಿಕ್ಕಿಬಿದ್ದ ಉದಾಹರಣೆಗಳಿವೆ. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಉಡುಗೊರೆಯೆಂದು ತಂದಾರು, ಮೊದಲೇ ತಿಳಿಸಿಡುವುದು ಒಳ್ಳೆಯದು.

ಎರಡು ಯಂತ್ರಗಳಿಗೂ ಸಮಾನವಾದ ಒಂದು ಕುರುಡುತನವಿದೆ. ಗುರಿ ಇನ್ನೂರು ಮೀಟರು ಎಂದು ಅವು ತೋರಿಸಿದಾಗ ನಡುವೆ ಕಡಿದಾದ ಪ್ರಪಾತವಿರಬಹುದು. ಎತ್ತರದ ಬಂಡೆಗೋಡೆಗಳ ನಡುವೆ ಸಂಕೇತ ಬಡಿದು ತಿರುಗಿ ಬರುವುದರಿಂದ ಚುಕ್ಕೆಯೂ ಅಲ್ಲಿ ಇಲ್ಲಿ ಜಿಗಿಯುತ್ತದೆ. ಬೇರೆಯವರು ಜನವರಿಯಲ್ಲಿ ನಡೆದು ಆ್ಯಪಿಗೆ ಏರಿಸಿದ ದಾರಿ ಜುಲೈಯಲ್ಲಿ ಹಳ್ಳವಾಗಿ ಹರಿಯುತ್ತಿರುತ್ತದೆ. ಯಾವ ಕಲ್ಲು ಜಾರುತ್ತದೆ, ಯಾವ ನೀರು ಅರ್ಧ ಗಂಟೆಯಲ್ಲಿ ಏರುತ್ತದೆ, ಕಳೆದ ವಾರದ ಮಳೆಗೆ ಯಾವ ದಾರಿ ಕುಸಿಯಿತು ಎಂಬುದು ಉಪಗ್ರಹಕ್ಕೆ ತಿಳಿಯದು. ಘಟ್ಟದ ತಳದ ಹಳ್ಳಿಯವರಿಗೆ ತಿಳಿದಿರುತ್ತದೆ. ಕೆಟ್ಟ ಗಳಿಗೆ ಬಂದಾಗ 112ಕ್ಕೆ ಫೋನು ಮಾಡಿ ಅಕ್ಷಾಂಶ ರೇಖಾಂಶಗಳ ಅಂಕಿ ಓದಿ ಹೇಳುವುದನ್ನು ಮಕ್ಕಳಿಗೆ ಕಲಿಸಿರಬೇಕು. ಆ ಅಂಕಿ ಹಿಡಿದು ಕತ್ತಲಲ್ಲಿ ಹುಡುಕಿಕೊಂಡು ಬರುವ ತಂಡದ ಮುಂದೆಯೂ ಹೆಚ್ಚಾಗಿ ಆ ಹಳ್ಳಿಯವನೇ ನಡೆಯುತ್ತಾನೆ.

ಲ್ಯಾಂಬ್ಟನ್ನನ ಅಳತೆ, ಎವರೆಸ್ಟನ ಲೆಕ್ಕ, ಅಮೆರಿಕದ ಉಪಗ್ರಹ, ಬ್ಯಾಲಾಳಿನ ಗಡಿಯಾರ ಇವೆಲ್ಲ ನಾವು ಎಲ್ಲಿದ್ದೇವೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿವೆ. ಯಾವ ಕಡೆ ಹೆಜ್ಜೆ ಇಡಬೇಕು ಎಂಬುದಕ್ಕೆ ಕುರುಬನೋ ಪಾರಧಿಯೋ ವಾಟಾಡ್ಯಾನೋ ಕೊಟ್ಟ ಉತ್ತರವನ್ನು ಇನ್ನೂ ಯಾವ ಯಂತ್ರವೂ ಪೂರ್ತಿಯಾಗಿ ಕಲಿತಿಲ್ಲ. ಯಂತ್ರಕ್ಕೆ ಸಾವಿರಾರು ರೂಪಾಯಿ ತೆರಲು ಸಿದ್ಧರಾದ ನಾವು, ಹಳ್ಳಿಯ ದಾರಿಗಾರನ ಒಂದು ದಿನದ ಕೂಲಿಗೆ ಚೌಕಾಶಿ ಮಾಡುವುದು ಸರಿಯಲ್ಲ. ಆತನೊಡನೆ ನಡೆದರೆ ಹಳ್ಳಕ್ಕೊಂದು ಹೆಸರು, ಬಂಡೆಗೊಂದು ಹೆಸರು ಕೇಳಸಿಗುತ್ತದೆ. ಅವುಗಳಲ್ಲಿ ಮುಕ್ಕಾಲು ಪಾಲು ಯಾವ ಆ್ಯಪಿನಲ್ಲಿಯೂ ಇಲ್ಲ.

ನಮ್ಮ ಮಕ್ಕಳು ಮರಳಿ ಬಂದು ಚಾರಣದ ಟಿಪ್ಪಣಿ ಬರೆಯುವಾಗ ಏರಿದ ಎತ್ತರ, ನಡೆದ ಕಿಲೋಮೀಟರುಗಳ ಜೊತೆಗೆ, ದಾರಿ ತೋರಿಸಿದವರು ಒಪ್ಪಿದರೆ ಅವರ ಹೆಸರನ್ನೂ ಬರೆಯಲಿ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಗೆ ಸಲ್ಲಿಸಿದ ಗೌರವ ಮನುಷ್ಯನಿಗೂ ಸಲ್ಲಲಿ.